ಕಡಲ ತೀರಕ್ಕೆ ಹೊರಡುವ ಮುನ್ನ

ಕಳೆದ ಬೇಸಿಗೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕುಂಟುತ್ತಾ ನನ್ನ ಚಿಕಿತ್ಸಾಲಯಕ್ಕೆ ಬಂದರು. ಮಕ್ಕಳು ಮೊಮ್ಮಕ್ಕಳೊಂದಿಗೆ ಗೋಕರ್ಣಕ್ಕೆ ಹೋಗಿ ಬಂದಿದ್ದರು. ದೇವರ ದರ್ಶನ ಮುಗಿಸಿ, ಮಧ್ಯಾಹ್ನ ಹನ್ನೆರಡೂವರೆಯ ಬಿಸಿಲಿನಲ್ಲಿ ಬರಿಗಾಲಲ್ಲೇ ಮರಳಿಗೆ ಇಳಿದಿದ್ದಾರೆ. ಜೊತೆಗಿದ್ದ ಮೊಮ್ಮಗ ಎರಡೇ ಹೆಜ್ಜೆಗೆ 'ಅಯ್ಯೋ, ಸುಡುತ್ತೆ' ಎಂದು ನೀರಿನ ಕಡೆ ಓಡಿದ. ಮೇಷ್ಟ್ರಿಗೆ ಮಾತ್ರ ಏನೂ ಅನಿಸಲಿಲ್ಲ. ರಾತ್ರಿ ಕಾಲು ತೊಳೆಯುವಾಗ ನೋಡಿದರೆ ಎರಡೂ ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆಗಳು! ಹದಿನಾಲ್ಕು ವರ್ಷಗಳ ಸಕ್ಕರೆ ಕಾಯಿಲೆ ಅವರ ಪಾದದ ನರಗಳನ್ನು ಸದ್ದಿಲ್ಲದೆ ಮರಗಟ್ಟಿಸಿತ್ತು. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಒಂದು ಬೆರಳನ್ನು ಕಳೆದುಕೊಳ್ಳುವುದು ಸ್ವಲ್ಪದರಲ್ಲೇ ತಪ್ಪಿತು.

ಪ್ರವಾಸ ಎಂದರೆ ನಾವು ರೂಮು, ಗಾಡಿ, ತಿಂಡಿ ಡಬ್ಬಿ ಎಲ್ಲವನ್ನೂ ಯೋಚಿಸುತ್ತೇವೆ. ದೇಹದ ಬಗ್ಗೆ ಯೋಚಿಸುವುದು ಅಲ್ಲಿ ಹೋಗಿ ಮಲಗಿದ ಮೇಲೆ. ಆದ್ದರಿಂದ ಮೊದಲು ಕಾಲ ನೋಡಿ. ನವೆಂಬರಿನಿಂದ ಫೆಬ್ರುವರಿವರೆಗೆ ನಮ್ಮ ಕರಾವಳಿ ಹಿತವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರವನ್ನು ದೂರದಿಂದ ನೋಡಿ ಆನಂದಿಸಬೇಕೇ ಹೊರತು ಇಳಿಯಬಾರದು. ಮೀನುಗಾರರೇ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟುವ ಕಾಲದಲ್ಲಿ ಬಯಲುಸೀಮೆಯ ನಾವು ನೀರಿಗೆ ಇಳಿಯುವುದೆಂದರೇನು?

ಮಕ್ಕಳ ಶಾಲೆಯ ರಜೆ ಏಪ್ರಿಲ್, ಮೇ ತಿಂಗಳಲ್ಲೇ ಬರುವುದರಿಂದ ಹೆಚ್ಚಿನವರು ಆಗಲೇ ಹೋಗುತ್ತಾರೆ. 'ನಮ್ಮ ರಾಯಚೂರಿನಲ್ಲಿ ನಲವತ್ತೆರಡು ಡಿಗ್ರಿ ಕಂಡಿದ್ದೇವೆ ಡಾಕ್ಟ್ರೇ, ಕಾರವಾರದ ಮೂವತ್ತನಾಲ್ಕು ಯಾವ ಲೆಕ್ಕ?' ಎಂದು ಒಬ್ಬರು ಕೇಳಿದ್ದರು. ಲೆಕ್ಕ ಇರುವುದು ಬೆವರಿನಲ್ಲಿ. ಬೆವರು ಸುರಿದರೆ ದೇಹ ತಂಪಾಗುವುದಿಲ್ಲ, ಆರಿದರೆ ಮಾತ್ರ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರದೆ ಹರಿದುಹೋಗುತ್ತದೆ. ನೀರು, ಉಪ್ಪು ಎರಡೂ ನಷ್ಟ, ತಂಪು ಮಾತ್ರ ಇಲ್ಲ. ತಲೆನೋವು, ಕಾಲಿನ ಸೆಡೆತ, ವಾಕರಿಕೆ ಬಂದರೆ ನೆರಳಿಗೆ ಹೋಗಿ ಓ.ಆರ್.ಎಸ್. ಕುಡಿಯಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಕುಡಿಯಬಾರದು.

ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಗಲಿಬಿಲಿಗೊಂಡರೆ ಅದು ಬಿಸಿಲಾಘಾತ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೂ ಎರಡು ಮಾತು. ಚಪ್ಪಲಿಯನ್ನು ನೀರಿನ ಅಂಚಿನವರೆಗೂ ಬಿಡಬೇಡಿ, ರಾತ್ರಿ ಅಂಗಾಲನ್ನು ಮನೆಯವರಿಗೆ ತೋರಿಸಿ. ಇನ್ಸುಲಿನ್ ಅನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಕೆಡುತ್ತದೆ, ಫ್ರೀಜರಿನಲ್ಲಿಟ್ಟರೂ ಕೆಡುತ್ತದೆ. ಫ್ರಿಜ್ ಸಿಗದ ಕಡೆ, ಡಬ್ಬಿಯಲ್ಲಿ ಮುಚ್ಚಿ ನೀರು ಹಾಕಿದ ಮಣ್ಣಿನ ಮಡಕೆಯಲ್ಲಿಡುವ ಹಳೆಯ ಉಪಾಯ ಇಂದಿಗೂ ಸರಿ. ಬಿ.ಪಿ.ಗೆ 'ಮೂತ್ರ ಹೆಚ್ಚಿಸುವ' ಮಾತ್ರೆ ತೆಗೆದುಕೊಳ್ಳುವವರು ಸೆಕೆಯ ಊರಿಗೆ ಹೊರಡುವ ಮುನ್ನ ವೈದ್ಯರನ್ನು ಒಮ್ಮೆ ಕಾಣಲಿ.

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಘಟ್ಟ ಇಳಿಯುವಾಗ ವಾಂತಿ ಮಾಡುವವರು ಮಾತ್ರೆಯನ್ನು ತಿರುವುಗಳು ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲೇ ನುಂಗಬೇಕು. ಮುಂದಿನ ಸೀಟಿನಲ್ಲಿ ಕೂತು ದೂರಕ್ಕೆ ನೋಡಿ, ಮೊಬೈಲ್ ನೋಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ.

ಇನ್ನು ಸಮುದ್ರ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆಗ ಮಳೆಗಾಲವೂ ಇರಲಿಲ್ಲ. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೂ ಸಮುದ್ರದ ಸೆಳವು ಗೊತ್ತಿರುವುದಿಲ್ಲ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಹಿಂತಿರುಗಲೇಬೇಕಲ್ಲ? ಅದು ಕೆಲವು ಕಡೆ ಒಂದು ಕಿರಿದಾದ ಓಣಿ ಮಾಡಿಕೊಂಡು ಹೊಳೆಯ ಹಾಗೆ ಒಳಕ್ಕೆ ಓಡುತ್ತದೆ. ಮೋಸವೇನೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಅಕ್ಕಪಕ್ಕದಲ್ಲಿ ನೊರೆ ಇದ್ದು ನಡುವೆ ನೀರು ಶಾಂತವಾಗಿ ಕಾಣುತ್ತದೆ. ತಂದೆತಾಯಿ 'ಇಲ್ಲಿ ಅಲೆ ಇಲ್ಲ, ಇಲ್ಲೇ ಆಡಿ' ಎಂದು ಮಕ್ಕಳನ್ನು ಬಿಡುವುದು ಅಲ್ಲಿಯೇ!

ಸೆಳವಿಗೆ ಸಿಕ್ಕಿದವರು ನೇರ ದಡದ ಕಡೆಗೆ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಅದರ ಬದಲು ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜುಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ತಪ್ಪಿದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿರುವವರು ಹಿಂದೆಯೇ ಧುಮುಕಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಟ್ಯೂಬು, ಹಗ್ಗ, ಏನಾದರೂ ತೇಲುವುದನ್ನು ಎಸೆಯಿರಿ. ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟ ಹಾರುವ ಕಡೆ, ಸಂಜೆಗತ್ತಲಲ್ಲಿ, ಕುಡಿದ ಮೇಲೆ ನೀರಿಗೆ ಇಳಿಯಬೇಡಿ. ಚಿಕ್ಕ ಮಕ್ಕಳು ಕೈಗೆಟುಕುವ ದೂರದಲ್ಲೇ ಇರಲಿ.

ಮುಳುಗಿದವರನ್ನು ಎತ್ತಿ ತಂದಾಗ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಇಂದಿಗೂ ನಡೆಯುತ್ತಿದೆ. ಇದು ಸಿನಿಮಾ ಕಲಿಸಿದ ಪಾಠ. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ನುಗ್ಗಿ ಇದ್ದ ಆಸೆಯೂ ಹೋಗುತ್ತದೆ. ಉಸಿರಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಜೋರಾಗಿ ಮೂವತ್ತು ಸಲ ಒತ್ತಿ, ಮತ್ತೆ ಎರಡು ಸಲ ಉಸಿರು ಕೊಡಿ. ನೆರವು ಬರುವವರೆಗೂ ಹೀಗೇ ಮುಂದುವರಿಸಿ. ಎಚ್ಚರಗೊಂಡು 'ನನಗೇನೂ ಆಗಿಲ್ಲ' ಎಂದು ಕೂತವರಿಗೂ ಕೆಮ್ಮು, ಏದುಸಿರು ಇದ್ದರೆ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಜೆಲ್ಲಿಫಿಶ್ ತಾಗಿ ಚರ್ಮ ಉರಿದರೆ ಸಿಹಿನೀರು ಹಾಕಿ ಉಜ್ಜಬಾರದು. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಕಡ್ಡಿಯಿಂದ ತೆಗೆದು, ತಡೆಯುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡಿ. ತೊರಕೆ ಮೀನು ಚುಚ್ಚಿದರೂ ಬಿಸಿನೀರೇ ಮೊದಲ ಮದ್ದು. ಆಮೇಲೆ ಧನುರ್ವಾಯುವಿನ ಚುಚ್ಚುಮದ್ದಿಗಾಗಿ ವೈದ್ಯರಲ್ಲಿಗೆ ಹೋಗಿ.

ಊಟದ ವಿಷಯದಲ್ಲಿ ಹೆದರಬೇಕಾದ್ದು ಹೆಚ್ಚಿಲ್ಲ. ಬಿಸಿಯಾಗಿರುವುದನ್ನು ತಿನ್ನಿ, ಹೆಚ್ಚಿಟ್ಟ ಹಣ್ಣು, ಐಸ್ ಬೇಡ. ಮೀನು ತಿನ್ನುವವರಿಗೆ ಒಂದು ಮಾತು: ಬಂಗುಡೆಯಂಥ ಮೀನು ಐಸಿಲ್ಲದೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗದು. ಉಂಡ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ತುರಿಕೆ ಏಳುವುದು ಇದರಿಂದ. ಅದನ್ನು ಅಲರ್ಜಿ ಎಂದುಕೊಂಡು ಜೀವಮಾನವಿಡೀ ಮೀನು ಬಿಟ್ಟವರನ್ನು ನಾನು ಬಲ್ಲೆ, ಪಾಪ!

ಊರಿಗೆ ಮರಳಿದ ಮೇಲೆ ಜ್ವರ ಬಂದರೆ 'ಪ್ರಯಾಣದ ಆಯಾಸ' ಎಂದು ಮಲಗಬೇಡಿ. ಮಂಗಳೂರಿನ ಕಡೆ ಮಲೇರಿಯ ಬಹಳ ವರ್ಷ ಕಾಡಿದ ರೋಗ. ಸೊಳ್ಳೆ ಕಚ್ಚಿ ವಾರದ ನಂತರ, ಕೆಲವೊಮ್ಮೆ ತಿಂಗಳುಗಳ ನಂತರವೂ ಅದು ಕಾಣಿಸಿಕೊಳ್ಳಬಹುದು. ಮಳೆಗಾಲದಲ್ಲಿ ಹೋಗಿದ್ದರೆ ಇಲಿಜ್ವರದ ಸಂಶಯವೂ ಇರುತ್ತದೆ. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕೇಳದಿದ್ದರೂ ಕರಾವಳಿಗೆ ಹೋಗಿದ್ದಿರೆಂದು ನೀವೇ ಹೇಳಿ. ಡೆಂಗೆ ಅಲ್ಲವೆಂದು ತಿಳಿಯುವವರೆಗೆ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿಯೇ ತಂದು ನುಂಗಬೇಡಿ. ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಆದರೆ ನಿಲ್ಲಿಸುವ ಮುನ್ನ ಅವರನ್ನೇ ಕೇಳಿ.