ಸೂರ್ಯ ಮುಳುಗಿದ ಮೇಲೆ ಯಾರ ಬೆಳಕು?

ಮಹಾನಗರಗಳಲ್ಲಿ ನೆಲೆಸಿರುವ ನಾವು ಮನೆಯ ವಿದ್ಯುತ್ತು ಎಲ್ಲಿಂದ ಬರುತ್ತದೆಂದು ವಿಚಾರಿಸುವುದು ಅಪರೂಪ. ಕಲ್ಲಿದ್ದಲಿನ ಕಾಲ ಮುಗಿಯುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಅದನ್ನು ವಿಚಾರಿಸಲೇಬೇಕು.

2025ರ ಜೂನ್ ವೇಳೆಗೆ ಭಾರತದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಜಲ, ಸೌರ, ಪವನ, ಪರಮಾಣು ಮೊದಲಾದ ಪಳೆಯುಳಿಕೆಯೇತರ ಮೂಲಗಳದಾಯಿತು. 2030ರ ಗುರಿ ಐದು ವರ್ಷ ಮೊದಲೇ ಕೈಗೂಡಿದ್ದು ಹೆಮ್ಮೆಯ ಸಂಗತಿ. ಆದರೆ 2024-25ರಲ್ಲಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದೇ ಆಗಿತ್ತು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ.

ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವನ್ನೇ ನೋಡೋಣ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿರುವ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ನಡುಹಗಲಿನಲ್ಲಿ ಅದು ಧಾರಾಳಿ, ಇರುಳಿನಲ್ಲಿ ಬರಿಗೈ. ನಮ್ಮ ಮನೆಗಳಲ್ಲಿ ದೀಪ, ಟಿ.ವಿ., ಏ.ಸಿ.ಗಳು ಒಟ್ಟಿಗೆ ಚಾಲೂ ಆಗುವುದು ಸಂಜೆಯ ನಂತರ. ಆಗ ರಾಯಚೂರಿನಂತಹ ಉಷ್ಣಸ್ಥಾವರ, ಶರಾವತಿಯಂತಹ ಜಲವಿದ್ಯುತ್ ಕೇಂದ್ರಗಳೇ ಆಧಾರ.

ಆದ್ದರಿಂದ ಮುಂದಿನ ಸಮತೋಲ ನಿಂತಿರುವುದು ಹಗಲಿನ ವಿದ್ಯುತ್ತನ್ನು ಇರುಳಿಗೆ ಕೂಡಿಡುವ ಉಪಾಯದ ಮೇಲೆ. ಬೃಹತ್ ಬ್ಯಾಟರಿ ಒಂದು ದಾರಿ. ಹಗಲಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಕ್ಕೆ ಹರಿಸಿ ವಿದ್ಯುತ್ ಪಡೆಯುವುದು ಇನ್ನೊಂದು. ಮಹಾರಾಷ್ಟ್ರದ ಘಾಟಘರ್ (250 ಮೆಗಾವ್ಯಾಟ್), ತಮಿಳುನಾಡಿನ ಕಡಂಪಾರೈ (400 ಮೆಗಾವ್ಯಾಟ್) ಇಂತಹ ಕೇಂದ್ರಗಳು. ನೀರೆತ್ತಲು ವ್ಯಯವಾದ ವಿದ್ಯುತ್ತಿನಲ್ಲಿ ಸುಮಾರು ಐದನೆಯ ಒಂದು ಭಾಗ ಮರಳಿ ಬಾರದು.

ಈ ದಾರಿಗೂ ಬೆಲೆಯುಂಟು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ರೂಪಿಸಲಾದ 2,000 ಮೆಗಾವ್ಯಾಟ್ ಯೋಜನೆ ಸಿಂಗಳೀಕಗಳ ಅಭಯಾರಣ್ಯವನ್ನು ಹಾದುಹೋಗುತ್ತದೆಂದು ಅಲ್ಲಿನ ಜನ ವಿರೋಧಿಸಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಹಿಂದೆ ಊರು ತೊರೆದವರ ನಾಡದು. ಕಲ್ಲಿದ್ದಲಿನ ಹೊಗೆಯಾಗಲಿ, ಹಸಿರು ವಿದ್ಯುತ್ತಿನ ಕಾಮಗಾರಿಯಾಗಲಿ, ಭಾರ ಬೀಳುವುದು ಬಹುಪಾಲು ನಗರದ ಹೊರಗಿನವರ ಮೇಲೆ.

ಹಾಗಾದರೆ ನಗರವಾಸಿಗಳಾದ ನಮ್ಮ ಕರ್ತವ್ಯವೇನು? 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗಷ್ಟೇ ಅಲ್ಲದೆ, ವಸತಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೂ ಸಹಾಯಧನವನ್ನು ಕಲ್ಪಿಸಲಾಗಿದೆ. ಕಟ್ಟಡದ ಛಾವಣಿಗೆ ಹೊಸ ಕಾಡು ಬೇಕಿಲ್ಲ. ನೀರೆತ್ತುವ ಪಂಪು, ಬಟ್ಟೆ ಒಗೆಯುವ ಯಂತ್ರಗಳನ್ನು ನಡುಹಗಲಿನಲ್ಲಿ ನಡೆಸಿದರೆ ಸಂಜೆಯ ಹೊರೆ ಅಷ್ಟು ಇಳಿಯುತ್ತದೆ.

ಕಲ್ಲಿದ್ದಲು ಒಮ್ಮೆಲೇ ಮರೆಯಾಗದು. ನಮ್ಮ ಸಂಜೆಯ ಬೇಡಿಕೆ ಎಷ್ಟು ಹಗುರಾಗುವುದೋ ಅಷ್ಟು ಬೇಗ ಅದರ ಪಾಲು ಕುಗ್ಗೀತು. ದೂರದ ಕಾಡು-ಕಣಿವೆಗಳೂ ಅಷ್ಟರಮಟ್ಟಿಗೆ ಉಳಿದಾವು.