ಸಸ್ಯಾಹಾರಿಯ ತಟ್ಟೆ, ಊಟದ ಮೇಲಿನ ಕಾಫಿ

ನಮ್ಮದು ತಲೆತಲಾಂತರದಿಂದ ಸಸ್ಯಾಹಾರಿ ಮನೆತನ. ಅನ್ನ, ತಿಳಿಸಾರು, ಉಪ್ಪಿನಕಾಯಿ, ಕೈತೊಳೆದೊಡನೆ ಬಿಸಿ ಕಾಫಿ. ಕಳೆದ ವರ್ಷ ನಮ್ಮ ಮನೆಯಾಕೆಗೆ ರಕ್ತಹೀನತೆಯೆಂದು ವೈದ್ಯರು ಹೇಳಿದಾಗ, ಈ ಊಟದಲ್ಲಿ ಕೊರತೆಯೇನೆಂದು ಯೋಚಿಸುವಂತಾಯಿತು.

ಸಹಕಾರಿ ಕೆಲಸದ ಮೇಲೆ ಕಲಬುರಗಿ ಜಿಲ್ಲೆಗೆ ಹೋಗಿದ್ದಾಗ ಆಳಂದ, ಅಫಜಲಪುರ, ಜೇವರ್ಗಿಯ ಸಸ್ಯಾಹಾರಿ ರೈತರ ಮನೆಗಳಲ್ಲಿ ಉಂಡೆವು. ಜೋಳದ ರೊಟ್ಟಿ, ತೊಗರಿಬೇಳೆ ಬೆರೆಸಿದ ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ನಮ್ಮ ಊಟದ ಬಗೆ ಕೇಳಿದ ಅಜ್ಜಿಯೊಬ್ಬರು, "ಬರೀ ಅನ್ನಾ ಸಾರು ಉಂಡ್ರ ತ್ವಾಟದಾಗ ದುಡೀಲಾಕ ತಾಕತ್ ಎಲ್ಲಿಂದ ಬರ್ತದ್ರಿ?" ಎಂದರು.

ಮಾತು ಸರಿಯೇ. ಜೋಳದಲ್ಲೂ ಅಕ್ಕಿಯಲ್ಲೂ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನ್ ಅಂಶವನ್ನು ತೊಗರಿ ತುಂಬಿಕೊಡುತ್ತದೆ. ಸೊಪ್ಪು-ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿದ ಕಾಫಿ, ಚಹಾ ಅಡ್ಡಿಯಾಗುತ್ತವೆ. ಕಾಫಿ ಬೆಳೆಯುವ ನಾವೇ ಇದನ್ನು ಮುಚ್ಚಿಡಬಾರದು. ಬಿ-12 ಜೀವಸತ್ವವಂತೂ ಸೊಪ್ಪು-ಕಾಳುಗಳಲ್ಲಿ ಸಿಗದು, ಹಾಲು-ಮೊಸರು ತಪ್ಪಿಸಬಾರದು. ಸದಾ ಸುಸ್ತು, ಕೈಕಾಲು ಜೋಮು ಇದ್ದವರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಈಗ ನಮ್ಮಲ್ಲಿ ಬೇಳೆ ಗಟ್ಟಿ, ಸೊಪ್ಪು ದಿನವೂ. ವೈದ್ಯರು ಕೊಟ್ಟ ಮಾತ್ರೆಯೂ ನಡೆದಿದೆ. ಸದಸ್ಯ ಬಾಂಧವರೇ, ಕಾಫಿ ಬಿಡಿರೆಂದು ಹೇಳುತ್ತಿಲ್ಲ. ಊಟವಾಗಿ ಒಂದೆರಡು ಗಂಟೆ ಕಳೆಯಲಿ, ಆಮೇಲೆ ನೆಮ್ಮದಿಯಾಗಿ ಕುಡಿಯೋಣ.