ಸರ್ಪಸುತ್ತು ಮಾಗಿದರೂ ಆರದ ಉರಿ



ಆಲೂಗೆಡ್ಡೆಗೆ ಅಂಗಮಾರಿ ತಗುಲಿದರೆ ಹಾಸನ ಸೀಮೆಯಲ್ಲಿ ನೀವು ಒಂದು ದಿನವೂ ತಡಮಾಡದೆ ಸಿಂಪರಣೆಗೆ ಇಳಿಯುತ್ತೀರಿ. ಆದರೆ ಸ್ವಂತ ಮೈಮೇಲೆ ಸರ್ಪಸುತ್ತು ಎದ್ದಾಗ ಕೆಮ್ಮಣ್ಣು ಬಳಿದುಕೊಂಡು ವಾರಗಟ್ಟಲೆ ಕಾಯುವವರನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಇಂದಿಗೂ ಕಾಣುತ್ತೇನೆ. ಬೆಳೆಯ ಪುಟದಲ್ಲಿ ಕಾಯಿಲೆಯ ಮಾತೇಕೆ ಎನ್ನಬೇಡಿ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಉರಿ ಉಳಿಯುತ್ತದೆ. ಅಂಗಿ ತಾಗಿದರೇ ಚುಚ್ಚುವಾಗ ಬೆನ್ನಿಗೆ ಸ್ಪ್ರೇಯರ್ ಏರಿಸುವುದೆಲ್ಲಿ ಬಂತು?

ಹಾವಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ನಾವು 'ಅಮ್ಮ' ಎನ್ನುವ ಕಾಯಿಲೆಯ ವೈರಸ್ಸು ನರದ ಬುಡದಲ್ಲಿ ಅಡಗಿರುತ್ತದೆ. ವಯಸ್ಸಾದಾಗ, ಮೈಯ ಶಕ್ತಿ ಕುಂದಿದಾಗ ಅದೇ ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದು ಪಕ್ಕಕ್ಕೆ ಮಾತ್ರ ಸೇರಿದ್ದರಿಂದ ಗುಳ್ಳೆಯೂ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ನಿಲ್ಲುತ್ತದೆ. ತಲೆಯೂ ಬಾಲವೂ ಕೂಡಿದರೆ ಸಾವು ಎಂಬ ಹೆದರಿಕೆಗೆ ಆಧಾರವಿಲ್ಲ. ಹರಕೆ ನಿಮ್ಮ ಇಷ್ಟ. ಆಸ್ಪತ್ರೆಗೆ ಮಾತ್ರ ಬೇಗ ಹೋಗಿರಿ. ಏಸೈಕ್ಲೋವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಕಂಡ 72 ಗಂಟೆಯೊಳಗೆ ಆರಂಭಿಸಿದರೆ. ಕಣ್ಣಿನ ಬಳಿ ಎದ್ದರೆ ಅದೇ ದಿನ ಹೊರಡಿ, ದೃಷ್ಟಿಗೇ ಅಪಾಯವುಂಟು.

ಇನ್ನು ಉಳಿದ ನೋವಿನ ವಿಚಾರ. ಪಂಪ್‌ಸೆಟ್ಟಿನ ವೈರಿನ ಹೊದಿಕೆ ಕೆಟ್ಟರೆ ಸ್ವಿಚ್ ಮುಟ್ಟದಿದ್ದರೂ ಕಿಡಿ ಹಾರುವುದಲ್ಲವೇ? ಪೆಟ್ಟಾದ ನರವೂ ಹಾಗೆಯೇ, ಗಾಯವಿಲ್ಲದೆ ನೋವಿನ ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಹೊರಗೆ ಏನೂ ಕಾಣದ್ದರಿಂದ ಮನೆಯವರು 'ಸೋಗು' ಎನ್ನುವುದುಂಟು. ಅದು ಸೋಗಲ್ಲ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಆದ್ದರಿಂದ ವೈದ್ಯರು ಮೂರ್ಛೆರೋಗಕ್ಕೆ ಕೊಡುವ ಗ್ಯಾಬಪೆಂಟಿನ್ ಅಥವಾ ಮನೋವ್ಯಾಧಿಗೆ ಕೊಡುವ ಅಮಿಟ್ರಿಪ್ಟಿಲೀನ್ ಬರೆಯಬಹುದು. 'ನನಗೇನು ಹುಚ್ಚೇ?' ಎಂದು ಚೀಟಿ ಹರಿಯಬೇಡಿ. ಇವು ನರದ ಗದ್ದಲ ತಗ್ಗಿಸುತ್ತವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ತೂಕಡಿಕೆ ಬರುತ್ತದೆ, ಟ್ರಾಕ್ಟರ್ ಹತ್ತುವ ಮುನ್ನ ಎಚ್ಚರ. ತಾವಾಗಿಯೇ ಏಕಾಏಕಿ ನಿಲ್ಲಿಸಲೂಬಾರದು.

ನೋವಿನ ಸಂಶೋಧನೆಯಿಂದ ನಮಗೇನು ಲಾಭ ಎನ್ನುವವರಿಗೆ ನಮ್ಮ ಹಿತ್ತಿಲ ಮೆಣಸಿನಕಾಯಿಯೇ ಉತ್ತರ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಮೆಣಸಿನ ಖಾರ, ಅಂದರೆ ಕ್ಯಾಪ್ಸೈಸಿನ್, ನರದ ಯಾವ ಬಾಗಿಲನ್ನು ತಟ್ಟುತ್ತದೆಂದು ಪತ್ತೆಹಚ್ಚಿದರು. ಸುಡುವ ಬಿಸಿಯೂ ಅದೇ ಬಾಗಿಲನ್ನು ತೆರೆಯುತ್ತದೆ. ಖಾರ ತಿಂದರೆ ಬಾಯಿ ಸುಟ್ಟಂತೆ ಆಗುವುದು ಇದರಿಂದಲೇ! ಈ ಸಾಲಿನ ಕೆಲಸಕ್ಕೆ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಆ ಬಾಗಿಲನ್ನು ಮುಚ್ಚಲು ಮಾಡಿದ ಕೆಲವು ಔಷಧಿಗಳು ಪರೀಕ್ಷೆಯಲ್ಲಿ ಜ್ವರ ಏರಿಸಿದವು, ಹುಡುಕಾಟ ನಿಂತಿಲ್ಲ. ಖಾರದ ಅಂಶವೇ ಶೇಕಡ 8ರಷ್ಟಿರುವ ಪಟ್ಟಿಯನ್ನು ಹೊರದೇಶಗಳಲ್ಲಿ ವೈದ್ಯರು ಒಂದು ಗಂಟೆ ಅಂಟಿಸಿ ತೆಗೆಯುತ್ತಾರೆ. ಕೆಲವರಿಗೆ ತಿಂಗಳುಗಳ ಕಾಲ ನೋವು ತಗ್ಗುತ್ತದೆ. ಇದನ್ನೋದಿ ಮೆಣಸಿನಕಾಯಿ ಅರೆದು ಮೈಗೆ ಹಚ್ಚೀರಿ, ಬೇಡ!

50 ದಾಟಿದವರಿಗೆ ಸರ್ಪಸುತ್ತು ತಡೆಯುವ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಮಾರಾಟಕ್ಕಿದೆ. ಎರಡು ಚುಚ್ಚುಮದ್ದು, ಬೆಲೆ ಮಾತ್ರ ಸಾವಿರಗಳಲ್ಲಿ. ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ಹಾಕಿಸಿಕೊಳ್ಳಬಹುದು, ವೈದ್ಯರನ್ನು ಕೇಳಿರಿ.